ಮನೆಕೋಳಿಯ ಮೊಟ್ಟೆ ಮಿಕ್ಕಾಗ: ಯಾವ ಮೊಟ್ಟೆ ಯಾವ ಕೆಲಸಕ್ಕೆ

ಬಿ.ವಿ. 380 ಎಂಬ ಮೊಟ್ಟೆತಳಿಯ ಹತ್ತು ಹೇಂಟೆಗಳು ಒಳ್ಳೆಯ ಇಡುವಿಕೆಯಲ್ಲಿದ್ದರೆ ದಿನಕ್ಕೆ ಎಂಟೊಂಬತ್ತು ಮೊಟ್ಟೆ, ವಾರಕ್ಕೆ ಅರುವತ್ತು. ಕಾಸರಗೋಡಿನಲ್ಲಿ ಇದು ಹೊರೆಯಾಗುವುದು ಮುಖ್ಯವಾಗಿ ವೃಶ್ಚಿಕ ಮಾಸದಿಂದ. ಮಂಡಲದ 41 ದಿನ ಶಬರಿಮಲೆಗೆ ಮಾಲೆ ಹಾಕಿದವರಿರುವ ಮನೆಗಳಲ್ಲಿ ಮೊಟ್ಟೆ ಒಳಗೆ ಬರುವುದಿಲ್ಲ, ನೆರೆಹೊರೆಯ ಗಿರಾಕಿಗಳು ಕಮ್ಮಿಯಾಗುತ್ತಾರೆ. ಕೋಳಿ ಮಾತ್ರ ತನ್ನ ಪಾಡಿಗೆ ಇಡುತ್ತಲೇ ಇರುತ್ತದೆ. ಆಗ ನಾನು ಮೊದಲು ನೋಡುವುದು ಮೊಟ್ಟೆಯ ಪ್ರಾಯವನ್ನು, ಲೆಕ್ಕವನ್ನಲ್ಲ. ಇವತ್ತಿನ ಮೊಟ್ಟೆ ಮಾಡುವ ಕೆಲಸವನ್ನು ಹತ್ತು ದಿನದ್ದು ಮಾಡುವುದಿಲ್ಲ, ಹತ್ತು ದಿನದ್ದು ಮಾಡುವುದನ್ನು ಇವತ್ತಿನದ್ದು ಮಾಡುವುದಿಲ್ಲ.

ಅದಕ್ಕಾಗಿ ಸಂಗ್ರಹ ಸರಿ ಇರಬೇಕು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒಮ್ಮೆ, ಸಂಜೆ ನಾಲ್ಕಕ್ಕೆ ಇನ್ನೊಮ್ಮೆ ಹೆಕ್ಕಿ, ಪೆನ್ಸಿಲಿನಲ್ಲಿ ತಾರೀಕು ಬರೆದು, ಚೂಪು ತುದಿ ಕೆಳಗೆ ಮಾಡಿ ಟ್ರೇಯಲ್ಲಿಡಬೇಕು. ಹಿಂಡಿನಲ್ಲಿ ಹುಂಜ ಇದ್ದರೆ ಗೂಡಿನಲ್ಲೇ ಬಿಡಲೇಬಾರದು. ನಮ್ಮ ಸೆಕೆಗೆ ಫಲಿತ ಮೊಟ್ಟೆಯಲ್ಲಿ ಬೆಳವಣಿಗೆ ಶುರುವಾಗುತ್ತದೆ. ಕಾವಿನ ಕೋಳಿ ಕೂತರಂತೂ ಎರಡು ಮೂರು ದಿನದಲ್ಲಿ ಒಳಗೆ ರಕ್ತದ ಗೆರೆ. ಕತ್ತಲೆಯಲ್ಲಿ ಮೊಬೈಲ್ ಟಾರ್ಚನ್ನು ಮೊಂಡು ತುದಿಗೆ ಹಿಡಿದರೆ ಅದು ಕಾಣುತ್ತದೆ.

ತೊಳೆದು ಇಡಬೇಡಿ. ಓಡಿನ ಮೇಲಿರುವ ತೆಳುಪೊರೆ ತೊಳೆದರೆ ಹೋಗುತ್ತದೆ, ರಂಧ್ರಗಳು ತೆರೆದುಕೊಳ್ಳುತ್ತವೆ. ತಣ್ಣೀರಾದರೆ ಇನ್ನೂ ಕೆಟ್ಟದು: ಒಳಗಿನದ್ದು ಕುಗ್ಗಿ ಹೊರಗಿನ ಕೊಳೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಹಿಕ್ಕೆ, ಕೆಸರು ಹತ್ತಿದವನ್ನು ಒಣ ಬಟ್ಟೆಯಲ್ಲಿ ಒರಸಿ ಅಂದಂದೇ ಬೇಯಿಸಿ ಮುಗಿಸಿ. ತಾರೀಕು ತಪ್ಪಿದ್ದರೆ, ಬಳಸುವ ಹೊತ್ತಿಗೆ ನೀರಿನಲ್ಲಿ ಬಿಟ್ಟು ನೋಡಿ: ಅಡ್ಡ ಮಲಗಿದ್ದು ಹೊಸತು, ಓರೆಯಾಗಿ ಎದ್ದದ್ದು ಒಂದು ವಾರದ ಆಸುಪಾಸಿನದ್ದು, ನೆಟ್ಟಗೆ ನಿಂತದ್ದು ಹಳತು, ತೇಲಿದ್ದು ಅಡುಗೆಗಲ್ಲ.

ಹೊಸ ಮೊಟ್ಟೆಗೆ, ಅಂದರೆ ಇಟ್ಟು ಒಂದು ದಿನ ಮೀರದ್ದಕ್ಕೆ, ಸುಣ್ಣದ ಉಪಚಾರ ಬಹಳ ಒಳ್ಳೆಯದು. ಸುಮಾರು 30 ಮೊಟ್ಟೆಗೆ ಸುಟ್ಟ ಸುಣ್ಣ 500 ಗ್ರಾಂ, ನೀರು 3 ಲೀಟರ್, ಉಪ್ಪು 125 ಗ್ರಾಂ. ಸ್ಟೀಲಿನ ಅಥವಾ ಮಣ್ಣಿನ ಪಾತ್ರೆಯೇ ಆಗಬೇಕು, ಅಲ್ಯೂಮಿನಿಯಂ ಬೇಡ, ಸುಣ್ಣ ಅದನ್ನು ತಿನ್ನುತ್ತದೆ. ಅಂಗಳದಲ್ಲಿಟ್ಟು, ನೀರಿಗೆ ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಸುಣ್ಣದ ರಾಶಿಯ ಮೇಲೆ ನೀರು ಹೊಯ್ದರೆ ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ದೊಡ್ಡ ಅಪಾಯ. ಮಕ್ಕಳನ್ನು ದೂರ ಇಡಿ. ಪೂರ್ತಿ ತಣಿದ ಮೇಲೆ ಉಪ್ಪು ಕಲಸಿ, ತಳ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿಕೊಳ್ಳಿ. ಬಿರುಕಿಲ್ಲದ ಮೊಟ್ಟೆಗಳನ್ನು ಆ ತಿಳಿಯಲ್ಲಿ ಸಂಜೆ ಮುಳುಗಿಸಿ, 14ರಿಂದ 18 ಗಂಟೆ ಬಿಟ್ಟು, ಮರುದಿನ ತೆಗೆದು ನೆರಳಲ್ಲಿ ಆರಿಸಿ. ಒರಸಬೇಡಿ. ಸುಣ್ಣ ರಂಧ್ರಗಳಲ್ಲಿ ಕೂತು ಮುಚ್ಚುವುದರಿಂದ ಒಳಗಿನ ನೀರಿನಂಶವೂ ಇಂಗಾಲದ ಡೈಆಕ್ಸೈಡೂ ಹೊರಹೋಗುವುದಿಲ್ಲ, ಬಿಳಿ ಬೇಗ ನೀರಾಗುವುದಿಲ್ಲ. ಫ್ರಿಜ್ ಇಲ್ಲದೆ ಮೂರು ನಾಲ್ಕು ವಾರ ನಿಲ್ಲುತ್ತದೆ. ಮೊದಲೇ ಹಳತಾದ ಮೊಟ್ಟೆಯನ್ನು ಇದರಲ್ಲಿ ಹಾಕಿ ಪ್ರಯೋಜನವಿಲ್ಲ. ಸುಣ್ಣ ಇದ್ದದ್ದನ್ನು ಕಾಯುತ್ತದೆ, ಹೋದದ್ದನ್ನು ತರುವುದಿಲ್ಲ. ಇಂಥ ಮೊಟ್ಟೆ ಬೇಯಿಸುವಾಗ ಮೊಂಡು ತುದಿಗೆ ಸೂಜಿಯಿಂದ ಒಂದು ತೂತು ಮಾಡಿ ಕೂಡಲೇ ನೀರಿಗೆ ಹಾಕಿ. ಇಲ್ಲದಿದ್ದರೆ, ರಂಧ್ರ ಮುಚ್ಚಿರುವ ಕಾರಣ ಒಳಗಿನ ಗಾಳಿ ಉಬ್ಬಿ ಓಡು ಒಡೆಯುತ್ತದೆ. ಒಡೆದು ಹಾಕುವ ಅಡುಗೆಗಾದರೆ ಒಂದೊಂದನ್ನೂ ಬೇರೆ ಬಟ್ಟಲಿಗೆ ಒಡೆದು ಮೂಸಿ ನೋಡಿ, ಪೂರ್ತಿ ಬೇಯಿಸಿ.

ಒಂದೇ ಸಲ ಹದಿನೈದು ಇಪ್ಪತ್ತು ಮುಗಿಯಬೇಕೆಂದರೆ ನಮ್ಮ ಜಿಲ್ಲೆಯ ಮಾಪಿಳ್ಳೆ ಅಡುಗೆಯ ಮುಟ್ಟಮಾಲೆಗೆ ಸರಿಸಾಟಿ ಇಲ್ಲ. ಹಳದಿಯಿಂದ ಎಳೆಎಳೆಯ ಮಾಲೆ, ಉಳಿದ ಬಿಳಿಯಿಂದ ಪಿಞ್ಞಾಣತ್ತಪ್ಪ; ಏನೂ ಹಾಳಾಗುವುದಿಲ್ಲ. ಪೋರ್ಚುಗಲ್‌ನಲ್ಲಿ ಫಿಯೋಸ್ ದೆ ಓವೊಸ್ ಎಂದು ಮಾಡುವುದೂ ಇದೇ ಬಗೆಯ ಎಳೆಗಳನ್ನು. ಮೂರು ನಾಲ್ಕು ದಿನದೊಳಗಿನ ಮೊಟ್ಟೆ ಬೇಕು, ಹಳತಾದರೆ ಹಳದಿಯ ಪೊರೆ ಸಡಿಲಾಗಿ ಬೇರೆ ಮಾಡುವಾಗಲೇ ಒಡೆಯುತ್ತದೆ. 15 ಹಳದಿಯನ್ನು ತೆಳು ಬಟ್ಟೆಯಲ್ಲಿ ಹಿಂಡಿ ಸೋಸಿ. ಕಡೆಯಬಾರದು, ನೊರೆ ಬಂದರೆ ಎಳೆ ತುಂಡಾಗುತ್ತದೆ. ಫ್ರಿಜ್ಜಿನಿಂದ ತೆಗೆದದ್ದಾದರೆ ತಣುಪು ಬಿಡುವವರೆಗೆ ಕಾಯಿರಿ, ಇಲ್ಲದಿದ್ದರೆ ಹರಿಯುವುದಿಲ್ಲ. ಅಗಲ ಬಾಣಲೆಯಲ್ಲಿ 750 ಗ್ರಾಂ ಸಕ್ಕರೆ, ಅರ್ಧ ಲೀಟರ್ ನೀರು ಕುದಿಸಿ ಕೊಳೆ ತೆಗೆಯಿರಿ. ಪಾಕ ಎಳೆ ಬರುವಷ್ಟು ಗಟ್ಟಿಯಾಗಬಾರದು.

ತೆಂಗಿನ ಗೆರಟೆಯ ನಾರು ಪೂರ್ತಿ ಹೆರೆದು, ತಳದಲ್ಲಿ 2 ಮಿಲಿಮೀಟರಿನ ಒಂದು ತೂತು ಮಾಡಿಕೊಳ್ಳಿ. ಬೆರಳಿನಿಂದ ತೂತು ಮುಚ್ಚಿ ಹಳದಿ ತುಂಬಿ, ಪಾಕ ಭರದಲ್ಲಿ ಕುದಿಯುತ್ತಿರುವಾಗ ಬೆರಳು ತೆಗೆದು ಬಾಣಲೆಯ ಮೇಲೆ ಬೇಗ ಬೇಗ ವೃತ್ತಾಕಾರದಲ್ಲಿ ಆಡಿಸಿ. ಏಳೆಂಟು ಸುತ್ತು ಸಾಕು. ನೊರೆ ಮೇಲೆದ್ದು ಎಳೆಗಳನ್ನು ಮುಚ್ಚಿಬಿಡುತ್ತದೆ. ಒಂದು ನಿಮಿಷ ಬಿಟ್ಟು ಒಂದು ಸೌಟು ತಣ್ಣೀರು ಚಿಮುಕಿಸಿದರೆ ನೊರೆ ಇಳಿದು, ಹೊಂಬಣ್ಣದ ಎಳೆಗಳ ಸಿಂಬಿ ತೇಲುತ್ತಾ ಕಾಣಿಸುತ್ತದೆ. ತೂತಿನ ಸಟ್ಟುಗದಲ್ಲಿ ಎತ್ತಿ ತಟ್ಟೆಯಲ್ಲಿ ಬಿಡಿಸಿ ಹರಡಿ. ಆ ತಣ್ಣೀರು ಪಾಕವನ್ನು ಹದದಲ್ಲಿ ಇಡಲೂ ಬೇಕು. ಪಾಕ ಗಟ್ಟಿಯಾದರೆ ಎಳೆಗಳು ಒಂದಕ್ಕೊಂದು ಅಂಟಿ ಬಿರುಸಾಗುತ್ತವೆ, ಕುದಿ ಕಮ್ಮಿಯಾದರೆ ಎಳೆಯಾಗದೆ ಹನಿಹನಿ ಬೀಳುತ್ತದೆ.

ಪಿಞ್ಞಾಣತ್ತಪ್ಪಕ್ಕೆ ಉಳಿದ ಪಾಕ ಪೂರ್ತಿ ತಣಿಯಬೇಕು; ಬಿಸಿಯಲ್ಲಿ ಸೇರಿಸಿದರೆ ಬಿಳಿ ಅಲ್ಲೇ ಬೆಂದು ಮುದ್ದೆಗಟ್ಟುತ್ತದೆ. 15 ಬಿಳಿಗೆ ಒಂದೂವರೆ ಲೋಟ ಪಾಕ, ನಾಲ್ಕು ದೊಡ್ಡ ಚಮಚ ಹಾಲಿನ ಪುಡಿ, ಐದು ಏಲಕ್ಕಿ ಹಾಕಿ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ, ಸೋಸಿ, ತುಪ್ಪ ಸವರಿದ ತಟ್ಟೆಗೆ ಹೊಯ್ದು ಸಣ್ಣ ಉರಿಯ ಹಬೆಯಲ್ಲಿ 15ರಿಂದ 20 ನಿಮಿಷ. ಉರಿ ಹೆಚ್ಚಾದರೆ ತೂತುತೂತಾಗಿ ನೀರು ಬಿಡುತ್ತದೆ. ಚೌಕ ತುಂಡು ಮಾಡಿ ಮಾಲೆಯ ಜೊತೆಗೆ ಕೊಡುವುದು ಕ್ರಮ.

ವಾರ, ಹತ್ತು ದಿನ ಕಳೆದವು ಬೇಯಿಸಿ ಸುಲಿಯುವುದಕ್ಕೆ. ಹೊಸ ಮೊಟ್ಟೆಯ ಬಿಳಿ ಒಳಪೊರೆಗೆ ಅಂಟಿಕೊಂಡು ಓಡಿನ ಜೊತೆಗೇ ಕಿತ್ತುಬರುತ್ತದೆ. ದಿನ ಹೋದ ಹಾಗೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಕ್ಷಾರಗುಣ ಏರಿ ಬಿಡಿಸಲು ಸಲೀಸು. ಇಡ್ಲಿ ಪಾತ್ರೆಯ ಹಬೆಯಲ್ಲಿ 12–13 ನಿಮಿಷ, ಆಮೇಲೆ ತಣ್ಣೀರು. ಇವನ್ನು ವಿನೆಗರ್ ಉಪ್ಪಿನಕಾಯಿ ಮಾಡುವುದಾದರೆ 5 ಶೇಕಡಾ ಆಮ್ಲದ ವಿನೆಗರನ್ನೇ ಬಳಸಿ, ಯಾವಾಗಲೂ ಫ್ರಿಜ್ಜಿನಲ್ಲಿಡಿ. ಮಸಾಲೆ ಹಿಡಿಯಲಿ ಎಂದು ಚುಚ್ಚಲೇಬೇಡಿ. 1997ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ, ಚುಚ್ಚಿ ಹೊರಗಿಟ್ಟ ಮನೆಯ ಮೊಟ್ಟೆ ಉಪ್ಪಿನಕಾಯಿ ತಿಂದು ಒಬ್ಬರಿಗೆ ಬೊಟುಲಿಸಂ ಎಂಬ ಆಹಾರವಿಷ ತಗಲಿತ್ತು. ಚುಚ್ಚಿದಾಗ ರೋಗಾಣು ಒಳಹೊಕ್ಕು, ಹಳದಿಯ ನಡುವಿಗೆ ಆಮ್ಲ ತಲುಪುವ ಮೊದಲೇ ಅಲ್ಲಿ ವಿಷ ಹುಟ್ಟಬಹುದು.

ಫ್ರೀಜರ್ ಇದ್ದವರು ಓಡಿನ ಸಮೇತ ಇಡಬಾರದು, ಒಡೆಯುತ್ತದೆ. ಬಿಳಿಯನ್ನು ಹಾಗೆಯೇ ಡಬ್ಬಿಯಲ್ಲಿಡಬಹುದು. ಹಳದಿ ಮಾತ್ರ ಹೆಪ್ಪಾಗಿ ಅಂಟಾಗುವುದರಿಂದ ನಾಲ್ಕು ಹಳದಿಗೆ ಚಿಟಿಕೆ ಉಪ್ಪು ಅಥವಾ ಒಂದೂವರೆ ಚಮಚ ಸಕ್ಕರೆ ಕಲಸಿ ಇಡಿ. ಮಳೆಗಾಲದಲ್ಲಿ ಕರೆಂಟು ಹೋಗಿ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ.

ಅಡುಗೆಗೆ ದಾಟಿದ, ಆದರೆ ಒಡೆಯದ ಮೊಟ್ಟೆ ತರಕಾರಿಗೆ. ಹತ್ತು ಮೊಟ್ಟೆಯನ್ನು ಭರಣಿಯಲ್ಲಿಟ್ಟು ಮುಳುಗುವಷ್ಟು ನಿಂಬೆರಸ ಹೊಯ್ಯಿರಿ, 20–25 ನಿಂಬೆ ಬೇಕಾಗುತ್ತದೆ. ಆಮ್ಲಕ್ಕೆ ಓಡು ಕರಗುವಾಗ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತವೆ, ಮೊಟ್ಟೆ ಮೆತ್ತಗೆ ಚರ್ಮದ ಚೀಲದಂತಾಗುತ್ತದೆ. ಮುಚ್ಚಳ ಬಿಗಿ ಮಾಡಿದರೆ ಗಾಳಿ ತುಂಬಿ ಭರಣಿ ಸಿಡಿದೀತು. ಬಟ್ಟೆ ಕಟ್ಟಿದರೆ ಸಾಕು. ಹತ್ತು ದಿನದ ಮೇಲೆ ಕಿವುಚಿ, ಅಷ್ಟೇ ಪ್ರಮಾಣದ ಗಟ್ಟಿ ಬೆಲ್ಲದ ಪಾಕ ಸೇರಿಸಿ ಇನ್ನು ಹತ್ತು ದಿನ ಇಡಿ. ಸೋಸಿ, ಲೀಟರ್ ನೀರಿಗೆ 1ರಿಂದ 2 ಮಿಲಿಲೀಟರಿನಂತೆ ಅಲಸಂಡೆ, ಬೆಂಡೆ, ಹರಿವೆಗೆ ಸಂಜೆ ಹೊತ್ತು ಸಿಂಪಡಿಸಿ. ಸೋಸಿದ ಚರಟವನ್ನು ಬಸಳೆ ಬುಡದಲ್ಲಿ ಒಂದು ಗೇಣು ಆಳಕ್ಕೆ ಹೂಳಬೇಕು. ಮೇಲೆಯೇ ಬಿಟ್ಟರೆ ವಾಸನೆಗೆ ನಾಯಿ, ಮುಂಗುಸಿ ಬಂದು ಬುಡ ಕೆದಕುತ್ತವೆ, ಮುಂಗುಸಿ ಅಲ್ಲಿಂದ ಕೋಳಿಗೂಡಿನ ದಾರಿಯನ್ನೂ ಹುಡುಕುತ್ತದೆ.