ಕಂಬವಿಲ್ಲದ ಕಾರಿಗೆ ಭುಜದ ಬೆಲ್ಟು: ನನ್ನ ಅನುಭವ

ಟ್ರಯಂಫ್ ಹೆರಾಲ್ಡ್ ಕನ್ವರ್ಟಿಬಲ್ ಎಂಬ, ಟಾಪ್ ಮಡಚುವ ಹಳೆಯ ಬ್ರಿಟಿಷ್ ಕಾರಿಗೆ ಬಾಗಿಲ ಹಿಂದೆ ಚಾವಣಿಗೆ ಏರುವ ಕಂಬವಿಲ್ಲ, ಹಾಗಾಗಿ ಭುಜದ ಬೆಲ್ಟು ಕೂರಿಸಲು ಆಗುವುದಿಲ್ಲ, ಸೊಂಟದ ಬೆಲ್ಟಿನಲ್ಲೇ ಕಾಲ ಹಾಕಬೇಕು ಎಂದು ತುಮಕೂರಿನಲ್ಲಿ ಹಳೆಯ ಕಾರುಗಳ ಕೆಲಸ ಬಲ್ಲವರೆಲ್ಲ ನನಗೆ ಹೇಳಿದ್ದರು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯವರೂ ಅದನ್ನೇ ಹೇಳಿ, ಸೊಂಟದ ಬೆಲ್ಟಿನ ಜೊತೆಯೊಂದನ್ನು ತೆಗೆದು ಮುಂದಿಟ್ಟರು. ಈಗ ನನ್ನ ಕಾರಿನಲ್ಲಿ ಮೂರು ಬಿಂದುಗಳಲ್ಲಿ ಕಟ್ಟುವ, ತಾನೇ ಸುತ್ತಿಕೊಳ್ಳುವ ರೀಲ್ ಬೆಲ್ಟು ಕೂತು ಎರಡು ಮಳೆಗಾಲ ಕಳೆದಿವೆ. ಟಾಪ್ ಮಡಚಿದರೂ ಎಳೆದರೂ ಅಡ್ಡಿಯಿಲ್ಲ, ಹಿಂದಿನ ಸೀಟು ಹಾಗೆಯೇ ಇದೆ, ಬಾಡಿಯ ಹೊರ ತಗಡಿಗೆ ಒಂದು ತೂತನ್ನೂ ಕೊರೆದಿಲ್ಲ. ಇಂಥ ಕಾರಿಟ್ಟುಕೊಂಡು ಇದೇ ಚಿಂತೆಯಲ್ಲಿರುವವರಿಗಾಗಿ ಬರೆಯುತ್ತಿದ್ದೇನೆ.

ಸೊಂಟದ ಬೆಲ್ಟು ನನಗೆ ಎಂದೂ ಒಪ್ಪಿಗೆಯಾಗಲಿಲ್ಲ. ಹಿಂದಿನ ಮಾಲೀಕರು ಹಾಕಿಸಿದ್ದ ಜೊತೆ ಕಾರಿನಲ್ಲೇ ಇತ್ತು. ಹೆರಾಲ್ಡ್‌ನಲ್ಲಿ ಮುಂದಿನ ಸೀಟಿಗೂ ಡ್ಯಾಶ್‌ಬೋರ್ಡಿಗೂ ಇರುವ ಜಾಗ ಎಷ್ಟೆಂದು ಕೂತವರಿಗೆ ಗೊತ್ತು. ಸೊಂಟವನ್ನು ಹಿಡಿದು ಎದೆಯನ್ನು ಬಿಟ್ಟರೆ ತಲೆ ನೇರ ಹೋಗಿ ಬಡಿಯುವುದು ಅಲ್ಲಿಗೇ. ಭುಜವನ್ನೂ ಸೊಂಟವನ್ನೂ ಒಟ್ಟಿಗೆ ಹಿಡಿಯುವ, ವೋಲ್ವೋದ ನಿಲ್ಸ್ ಬೋಲಿನ್ ರೂಪಿಸಿದ ಬೆಲ್ಟು ಕಾರುಗಳಿಗೆ ಬಂದದ್ದು 1959ರಲ್ಲಿ. ಹೆರಾಲ್ಡ್ ಮಾರುಕಟ್ಟೆಗೆ ಬಂದದ್ದೂ ಅದೇ ವರ್ಷ. ನಮ್ಮಲ್ಲಿ ಹೊಸ ಕಾರುಗಳ ಮುಂದಿನ ಸೀಟಿಗೆ ಬೆಲ್ಟು ಕಡ್ಡಾಯವಾದದ್ದು 1994ರಿಂದ. ಹಾಗಾಗಿ ಬೆಲ್ಟಿಲ್ಲದ ಹಳೆಯ ಕಾರನ್ನು ಕ್ಯಾತಸಂದ್ರದ ಟೋಲಿನಲ್ಲಿ ಯಾರೂ ತಡೆದು ಕೇಳುವುದಿಲ್ಲ. ಆದರೆ ನಾನು ಹೆಂಡತಿ ಮಗಳನ್ನು ಕೂರಿಸಿಕೊಂಡು ಬೆಂಗಳೂರು–ಪುಣೆ ಹೆದ್ದಾರಿಗೆ ಇಳಿಯುವವನು. ಎದುರಿಗೆ ಬರುವ ಲಾರಿಗೆ ನನ್ನ ಕಾರಿನ ವಯಸ್ಸಿನ ಮೇಲೆ ಕನಿಕರ ಹುಟ್ಟುವುದಿಲ್ಲ.

ಮೊದಲ ಪ್ರಯತ್ನ ಎಲ್ಲರೂ ಮಾಡುವಂಥದ್ದೇ: ಶಿವಾಜಿನಗರದ ಗುಜರಿಯಿಂದ ಮಾರುತಿ 800ರ ರೀಲ್ ಬೆಲ್ಟು ತಂದು ಹಿಂದಿನ ವೀಲ್ ಆರ್ಚ್ (ಚಕ್ರದ ಮೇಲಿನ ಕಮಾನಿನ ತಗಡು) ಮೇಲೆ ಬೋಲ್ಟ್ ಮಾಡುವುದು. ಒಂದು ಜೊತೆ ಬೆಲ್ಟಿಗೆ ಸುಮಾರು ಸಾವಿರದ ಇನ್ನೂರು ಕೊಟ್ಟಿರಬೇಕು. ಆರ್ಚಿನ ಒಳಗೂ ಹೊರಗೂ ಮೂರು ಮಿಲಿಮೀಟರ್ ಪ್ಲೇಟು ಕೊಟ್ಟು ವೆಲ್ಡ್ ಮಾಡಿಸಿದೆ. ನೋಡುವುದಕ್ಕೆ ಕಂಪನಿಯಿಂದಲೇ ಬಂದಂತಿತ್ತು. ಕಾರಿನಲ್ಲಿ ಕೂತು ಬೆಲ್ಟು ಎಳೆದರೆ ಅಲುಗಲಿಲ್ಲ. ರೀಲು ಬಿಗಿದುಕೊಂಡೇ ನಿಂತಿತ್ತು. ಬಿಚ್ಚಿ ಕೈಯಲ್ಲಿ ನೆಟ್ಟಗೆ ಹಿಡಿದರೆ ಸರಾಗವಾಗಿ ಬರುತ್ತದೆ, ಆರ್ಚಿಗೆ ಕಟ್ಟಿದರೆ ಮತ್ತೆ ಹಠ ಹಿಡಿಯುತ್ತದೆ. ಗ್ರೀಸು ಹಾಕಿ ನೋಡಿ ಎಂದರು ಒಬ್ಬರು. ಬೆಲ್ಟಿನ ರೀಲಿಗೆ ಗ್ರೀಸು ಹಾಕುವುದು ಮಹಾಪಾಪ, ಆ ಮಾತನ್ನು ಅಲ್ಲಿಗೇ ಬಿಟ್ಟೆ.

ಕಾರಣ ರೀಲಿನ ಒಳಗಿನ ಗುಂಡಿನಲ್ಲಿದೆ. ಗಾಡಿ ವಾಲಿದಾಗ ಅಥವಾ ಗಕ್ಕನೆ ನಿಂತಾಗ ಆ ಗುಂಡು ಉರುಳಿ ಹಲ್ಲನ್ನು ಎತ್ತಿ ರೀಲನ್ನು ಕಚ್ಚಿಸುತ್ತದೆ. ಯುರೋಪಿನಲ್ಲಿ ಬೆಲ್ಟುಗಳಿಗಿರುವ ಆರ್16 ನಿಯಮದ ಪ್ರಕಾರ 12 ಡಿಗ್ರಿವರೆಗೆ ವಾಲಿದರೆ ರೀಲು ಕಚ್ಚಬಾರದು, 27 ಡಿಗ್ರಿ ದಾಟಿದರೆ ಕಚ್ಚಲೇಬೇಕು. ನನ್ನ ಆರ್ಚಿನ ಓರೆ ಮೂವತ್ತೈದು ಡಿಗ್ರಿ ಸುಮಾರು. ರೀಲು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ಕಾರು ಮಗುಚುತ್ತಿದೆ ಎಂದು ಅದು ತಿಳಿದಿತ್ತು. ಹಳೆಯ ಕಾರಿಗೆ ರೀಲು ಹಾಕಿಸಿ "ಬೆಲ್ಟೇ ಸರಿಯಿಲ್ಲ" ಎಂದು ಕಿತ್ತೆಸೆದವರು ದಯವಿಟ್ಟು ಒಮ್ಮೆ ಕೋನಮಾಪಕ ಇಟ್ಟು ನೋಡಿ.

ಓರೆಯನ್ನು ಸರಿಪಡಿಸಲು ಬ್ರಾಕೆಟ್ ಮಾಡಿಸಿದೆ, ರೀಲು ಬಿಚ್ಚಿಕೊಳ್ಳತೊಡಗಿತು. ಆದರೆ ಅಷ್ಟರಲ್ಲಿ ದೊಡ್ಡ ತೊಂದರೆ ಕಣ್ಣಿಗೆ ಬಿದ್ದಿತ್ತು. ಆರ್ಚಿನ ನೆತ್ತಿ ನನ್ನ ಭುಜಕ್ಕಿಂತ ಬಹಳ ಕೆಳಗಿದೆ. ಬೆಲ್ಟು ಭುಜ ದಾಟಿ ಬೆನ್ನ ಹಿಂದೆ ಕಡಿದಾಗಿ ಇಳಿದರೆ ಡಿಕ್ಕಿಯಾದಾಗ ಅದು ಮನುಷ್ಯನನ್ನು ಹಿಂದಕ್ಕೆ ಹಿಡಿಯುವುದರ ಜೊತೆಗೆ ಕೆಳಕ್ಕೂ ಅದುಮುತ್ತದೆ. ಆ ಒತ್ತಡವೆಲ್ಲ ಬೆನ್ನುಮೂಳೆಯ ಮೇಲೆ. ಪ್ರಾಣ ಉಳಿಸಲು ಹಾಕಿಸಿದ ಬೆಲ್ಟು ಬೆನ್ನು ಮುರಿಯುವುದಾದರೆ ಅದು ನನಗೆ ಬೇಡ.

ಆಮೇಲೆ ರೇಸಿನವರು ಬಳಸುವ ನಾಲ್ಕು ಬಿಂದುಗಳ ಬೆಲ್ಟು. ಏಳು ಸಾವಿರದ ಹತ್ತಿರ ಸುರಿದೆ. ಬಿಗಿದುಕೊಂಡರೆ ಚೋಕಿಗೆ ಕೈ ಎಟಕುವುದಿಲ್ಲ, ಗುಬ್ಬಿ ಗೇಟಿನ ಸಂದಣಿಯಲ್ಲಿ ತಿರುಗಿ ನೋಡಲು ಆಗುವುದಿಲ್ಲ, ಸಡಿಲ ಬಿಟ್ಟರೆ ಬೆಲ್ಟೇ ಇಲ್ಲದ ಹಾಗೆ. ಮೇಲಾಗಿ ಅದಕ್ಕೂ ಭುಜದೆತ್ತರದ ಆಧಾರ ಬೇಕು, ಅದಿಲ್ಲ. ಅರ್ಧ ಬೆಲೆಗೆ ಒಬ್ಬ ಜೀಪಿನವರಿಗೆ ಮಾರಿದೆ.

ಇಷ್ಟಾದ ಮೇಲೆ ಆರ್ಚಿನ ಆಸೆಯನ್ನು ಪೂರ್ತಿ ಬಿಡಲು ಒಂದು ಪರೀಕ್ಷೆ ಸಾಕಾಯಿತು. ಹಿರೇಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನನಗೆ ಬೇಕಾದ ಒಬ್ಬರ ಫ್ಯಾಬ್ರಿಕೇಷನ್ ಶೆಡ್ ಇದೆ. ಅಲ್ಲಿನ ಕಬ್ಬಿಣದ ಕಂಬಕ್ಕೆ ಕಾರಿನ ಚಾಸಿಯನ್ನು (ಬಾಡಿಯ ಕೆಳಗಿನ ಉಕ್ಕಿನ ಚೌಕಟ್ಟು) ಹಿಂದಿನಿಂದ ಸರಪಳಿ ಕಟ್ಟಿ, ಮುಂದಿನ ಕಂಬದಿಂದ ಚೈನ್ ಬ್ಲಾಕಿನಲ್ಲಿ ಎಳೆಯುವುದು. ನಡುವೆ ಕೊಬ್ಬರಿ ವ್ಯಾಪಾರಿಯೊಬ್ಬರಿಂದ ಎರವಲು ತಂದ ಒಂದು ಟನ್ನಿನ ತೂಗುಮಾಪಕ. ರೀಲ್ ಬೆಲ್ಟು ನಿಧಾನದ ಎಳೆತಕ್ಕೆ ಬಿಚ್ಚಿಕೊಂಡು ಬರುತ್ತದೆ, ಆದ್ದರಿಂದ ಅದರ ಜಾಗದಲ್ಲಿ ಲಾರಿಯ ಸರಕು ಬಿಗಿಯುವ ಐವತ್ತು ಮಿಲಿಮೀಟರ್ ಪಟ್ಟಿ. ಎದೆಯ ಬದಲು ಗೋಣಿ ಸುತ್ತಿದ ಮರದ ದಿಮ್ಮಿ. ಮುನ್ನೂರು ಕಿಲೋ ಮುಟ್ಟುವ ಮೊದಲೇ ಆರ್ಚಿನ ತಗಡು ಉಬ್ಬಿತು. ಪ್ಲೇಟಿನ ಅಂಚು ತಗಡನ್ನು ಸೀಳಲು ತೊಡಗಿತು. ಬೆಲ್ಟು ಕಟ್ಟುವ ಆಧಾರಗಳ ಬಗೆಗಿನ ಆರ್14 ನಿಯಮ ಕೇಳುವುದು ಭುಜದ ಪಟ್ಟಿಗೆ 1,350 ಡೆಕಾನ್ಯೂಟನ್, ಅಂದರೆ ಸುಮಾರು 1,375 ಕಿಲೋ ಎಳೆತ. ಜೊತೆಜೊತೆಗೇ ಸೊಂಟದ ಪಟ್ಟಿಗೂ ಅಷ್ಟೇ. ಮುನ್ನೂರೆಲ್ಲಿ, ಅದೆಲ್ಲಿ!

ಅಂದು ಶೆಡ್ಡಿನ ಯಜಮಾನರು, "ಸ್ವಾಮಿ, ಈ ಕಾರಿಗೆ ಕಂಬವೇ ಇಲ್ಲ, ನೀವು ಬೆಲ್ಟನ್ನು ಯಾವುದಕ್ಕೆ ಕಟ್ಟುತ್ತೀರಿ?" ಎಂದರು. ನನಗೆ ದಾರಿ ತೆರೆದದ್ದು ಆ ಮಾತಿನಿಂದ. ಕಂಬ ಇಲ್ಲದಿದ್ದರೆ ಕಂಬ ನೆಡಬೇಕು, ಅದೂ ತಗಡಿನ ಮೇಲಲ್ಲ, ಚಾಸಿಯ ಮೇಲೆ. ಹೆರಾಲ್ಡ್‌ನ ಭಾಗ್ಯ ಏನೆಂದರೆ ಅದಕ್ಕೆ ಪ್ರತ್ಯೇಕ ಚಾಸಿ ಇದೆ. ನಡುವೆ ಬೆನ್ನೆಲುಬಿನ ಹಾಗೆ ಎರಡು ಉದ್ದ ತೊಲೆ, ಅವುಗಳಿಂದ ಪಕ್ಕಕ್ಕೆ ಚಾಚಿದ ಔಟ್‌ರಿಗರುಗಳು. ಬಾಗಿಲ ಕೆಳಗಿನ ಸಿಲ್ ಮಾತ್ರ ಬೋಲ್ಟು ಹಾಕಿ ಕೂರಿಸಿದ ಬರೀ ಅಲಂಕಾರ, ಅದನ್ನು ನಂಬಿ ಬೆಲ್ಟಿನ ಕೆಳತುದಿಯನ್ನು ಅಲ್ಲಿ ಕಟ್ಟಿರುವ ಕಾರುಗಳನ್ನು ನಾನು ನೋಡಿದ್ದೇನೆ. ದಯವಿಟ್ಟು ಬಿಚ್ಚಿಸಿ. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಇರುವವರಿಗೂ ಈ ಮಾತು ಅನ್ವಯಿಸುತ್ತದೆ.

ಒಂದೂವರೆ ಇಂಚಿನ, ಎರಡೂವರೆ ಮಿಲಿಮೀಟರ್ ದಪ್ಪದ ಸೀಮ್‌ಲೆಸ್ ಪೈಪು. ಬಾಗಿಲ ಹಿಂದಂಚಿನ ಪಕ್ಕದಲ್ಲಿ, ಹಿಂದಿನ ಬದಿಯ ಟ್ರಿಮ್ (ಒಳಹೊದಿಕೆ) ಒಳಗೆ ಒಂದೊಂದು ಕಂಬ. ಬುಡ ನೆಲದ ತಗಡನ್ನು ದಾಟಿ ಔಟ್‌ರಿಗರಿಗೆ ಕೂರುತ್ತದೆ. ಎರಡು ಬುಡಗಳನ್ನೂ ಸೇರಿಸಿ ಮುಂದಿನ ಸೀಟುಗಳ ಹಿಂದೆ, ನೆಲಕ್ಕೆ ಅಂಟಿದಂತೆ ಅಡ್ಡಪೈಪು. ಕಂಬ ತಿರುಚಿಕೊಳ್ಳದಂತೆ ತಡೆಯುವುದು ಇದೇ. ಕಂಬದ ಮೇಲ್ಭಾಗದಿಂದ ಹಿಂದಕ್ಕೆ ಒಂದು ಊರೆ (ಆಸರೆಯ ಪೈಪು) ಆರ್ಚಿನ ಬಗಲಲ್ಲಿ ಇಳಿದು ಚಾಸಿಯ ಉದ್ದ ತೊಲೆಯನ್ನೇ ಹಿಡಿಯುತ್ತದೆ, ಆರ್ಚನ್ನು ಮುಟ್ಟುವುದೂ ಇಲ್ಲ. ಮೊದಲ ಸಲ ಪೈಪು ಬಾಗಿಸಿದಾಗ ಒಳಬದಿ ಸುಕ್ಕುಗಟ್ಟಿತು. ಒಣಮರಳು ಗಟ್ಟಿಯಾಗಿ ತುಂಬಿ ಎರಡೂ ತುದಿ ಮುಚ್ಚಿ ಬಾಗಿಸಿದ ಮೇಲೆ ಬಳುಕಿನಲ್ಲಿ ಒಂದು ಗೆರೆಯೂ ಬೀಳಲಿಲ್ಲ.

ಇದರಿಂದ ರೀಲಿನ ಸಮಸ್ಯೆ ತಾನಾಗಿಯೇ ಬಗೆಹರಿಯಿತು. ರೀಲು ಕಂಬದ ಬುಡದಲ್ಲಿ ನೆಟ್ಟಗೆ ಕೂತಿದೆ, ಬೆಲ್ಟು ಮೇಲೇರಿ ತುದಿಯ ಲೂಪಿನಲ್ಲಿ ಹಾಯ್ದು ಭುಜಕ್ಕೆ ಬರುತ್ತದೆ. ಮಾರುತಿಯಲ್ಲಿ ಹೇಗಿತ್ತೋ ಹಾಗೆಯೇ. ಲೂಪಿನ ಎತ್ತರ ನನ್ನ ಭುಜಕ್ಕಿಂತ ಎರಡು ಬೆರಳು ಮೇಲೆ. ಬೋಲ್ಟುಗಳೆಲ್ಲ ಬೆಲ್ಟಿನ ರೂಢಿಯ ಅಳತೆಯವೇ, 7/16 ಇಂಚಿನ, ಯು.ಎನ್.ಎಫ್. ಎಂಬ ಸಣ್ಣ ಥ್ರೆಡ್ಡಿನವು. ಹತ್ತು ಮಿಲಿಮೀಟರಿನ ಎಂ10 ಹಾಕಿ ಮುಗಿಸಿ ಎಂದವರ ಮಾತು ಕೇಳಲಿಲ್ಲ.

ಕಷ್ಟ ಕೊಟ್ಟದ್ದು ಟಾಪಿನ ಚೌಕಟ್ಟು. ಮಡಚುವಾಗ ಅದರ ತೋಳು ತಿರುಗುವ ಜಾಗದಲ್ಲೇ ನನ್ನ ಕಂಬ ಏಳಬೇಕು. ಕಂಬವನ್ನು ಒಳಕ್ಕೆ ತಂದರೆ ಸೀಟಿನ ಬೆನ್ನಿಗೆ ತಾಗುತ್ತದೆ, ಹೊರಕ್ಕೆ ಒಯ್ದರೆ ತೋಳಿಗೆ. ರಟ್ಟಿನಲ್ಲಿ ಅಚ್ಚು ಕತ್ತರಿಸಿ ಕತ್ತರಿಸಿ ಬೇಸತ್ತು ಕೊನೆಗೆ ಒಂದು ಬಳುಕು ಸಿಕ್ಕಿತು. ಆ ಬಳುಕು ಎಲ್ಲಿ ಶುರುವಾಗಬೇಕು, ಎತ್ತ ತಿರುಗಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾನು ತೆತ್ತ ಬೆಲೆ ನನಗೆ ಗೊತ್ತು. ಟಾಪ್ ಪೂರ್ತಿ ಮಡಚಿ ಮತ್ತು ಪೂರ್ತಿ ಎಳೆದು, ಎರಡು ಸ್ಥಿತಿಯಲ್ಲೂ ಅಚ್ಚು ತೆಗೆದುಕೊಳ್ಳಿ ಎಂದಷ್ಟೇ ಹೇಳುತ್ತೇನೆ. ಸಿಕ್ಕಿದಾಗ ಅದು ಎಷ್ಟು ಸರಳ ಎಂದು ನಿಮಗೇ ಅನಿಸುತ್ತದೆ.

ಬಕಲ್ ಕಡೆಯ ಆಧಾರದಲ್ಲಿ ಎಚ್ಚರ ಬೇಕು. ನಡುವೆ ಉಬ್ಬಿರುವ ಗೇರ್‌ಬಾಕ್ಸ್ ಮುಚ್ಚಳ ನಾರುಹಲಗೆಯದ್ದು, ಅದಕ್ಕೆ ಏನನ್ನೂ ಕಟ್ಟಬಾರದು. ನಾನು ನೆಲದಿಂದ ಚಾಸಿಯ ಬೆನ್ನೆಲುಬಿಗೇ ಬ್ರಾಕೆಟ್ ಇಳಿಸಿದೆ. ತಗಡಿನ ಮೇಲೆಯೇ ಕಟ್ಟಬೇಕಾದವರಿಗೆ ರೇಸಿನ ನಿಯಮದ ಅಳತೆ ಇದೆ: ಕೆಳಗಿನಿಂದ ಕನಿಷ್ಠ ಮೂರು ಮಿಲಿಮೀಟರ್ ದಪ್ಪ, ನಲವತ್ತು ಚದರ ಸೆಂಟಿಮೀಟರ್ ವಿಸ್ತಾರದ ಉಕ್ಕಿನ ಪ್ಲೇಟು. ಇನ್ನೊಂದು, ಹೆರಾಲ್ಡ್‌ನ ಮುಂದಿನ ಸೀಟು ಹಿಂದೆ ಹತ್ತುವವರಿಗಾಗಿ ಮುಂದಕ್ಕೆ ಮಗುಚುತ್ತದೆ, ಅದಕ್ಕೆ ಚಿಲಕವಿಲ್ಲ. ಬೆಲ್ಟು ನಿಮ್ಮನ್ನು ಹಿಡಿದ ಹೊತ್ತಿಗೆ ಸೀಟು ಬೆನ್ನಿಗೆ ಗುದ್ದುತ್ತದೆ. ಹಳೆಯ ಒಮ್ನಿಯ ಸೀಟಿನ ಕೊಂಡಿಯನ್ನು ತಂದು ಅಡ್ಡಪೈಪಿಗೆ ಹೊಂದಿಸಿದೆ, ಕೈಯಿಂದ ಎತ್ತಿದರೆ ಬಿಡುತ್ತದೆ. ಬೆಲ್ಟಿನಷ್ಟೇ ಮುಖ್ಯವಾದ ಈ ಕೆಲಸಕ್ಕೆ ಖರ್ಚಾದದ್ದು ಇನ್ನೂರು ಮುನ್ನೂರು.

ಮತ್ತೆ ಅದೇ ಶೆಡ್, ಅದೇ ಚೈನ್ ಬ್ಲಾಕ್. ನಾನೂರು, ಆರುನೂರು, ಎಂಟುನೂರು. ಆರ್ಚಿನ ಗತಿ ಕಂಡಿದ್ದ ಹುಡುಗರೆಲ್ಲ ದೂರ ಸರಿದು ನಿಂತಿದ್ದರು. ಒಂಬೈನೂರಕ್ಕೆ ನಿಲ್ಲಿಸಿದೆ, ಮಾಪಕವೇ ಒಂದು ಟನ್ನಿನದು, ಎರವಲಿನದು. ಕಂಬದ ತುದಿ ಹನ್ನೆರಡು ಮಿಲಿಮೀಟರ್ ಸುಮಾರು ಮುಂದೆ ಬಂದಿತ್ತು. ಬಿಟ್ಟಾಗ ಎರಡು ಮಿಲಿಮೀಟರ್ ಬಿಟ್ಟು ಉಳಿದದ್ದೆಲ್ಲ ಹಿಂದೆ ಹೋಯಿತು. ವೆಲ್ಡಿನಲ್ಲಿ ಬಿರುಕಿಲ್ಲ, ನೆಲದಲ್ಲಿ ಉಬ್ಬಿಲ್ಲ. ಪ್ರಯೋಗಾಲಯದ ಪ್ರಮಾಣಪತ್ರಕ್ಕೆ ಇದು ಸಮವಲ್ಲ, ಆದರೆ ಆರ್ಚಿನ ಮೇಲೆ ಬೆಲ್ಟು ಕಟ್ಟಿಕೊಂಡು ಓಡಾಡುವ ಯಾವ ಕಾರನ್ನಾದರೂ ಅಲ್ಲಿಗೆ ತನ್ನಿ, ಪಕ್ಕದಲ್ಲಿ ನಿಲ್ಲಿಸಿ ಎಳೆಯಲು ನಾನು ಸಿದ್ಧ.

ಗುಜರಿಯ ಬೆಲ್ಟನ್ನು ಕೊನೆಗೂ ಬಳಸಲಿಲ್ಲ. ಅದು ಡಿಕ್ಕಿಯಾದ ಕಾರಿನದೋ ಅಲ್ಲವೋ ಯಾರು ಹೇಳಬೇಕು? ಒಮ್ಮೆ ಜೋರಾಗಿ ಎಳೆಸಿಕೊಂಡ ಬೆಲ್ಟಿನ ನೂಲು ಮತ್ತೆ ಮೊದಲಿನಂತೆ ಆಗುವುದಿಲ್ಲ. ಅದರ ಒಂದು ತುಂಡನ್ನು ಬೇಸಿಗೆಯುದ್ದಕ್ಕೂ ತಾರಸಿಯ ಮೇಲೆ ಬಿಸಿಲಿಗೆ ಹಾಕಿ, ಇನ್ನೊಂದನ್ನು ಬೀರುವಿನಲ್ಲಿಟ್ಟು ಹೋಲಿಸಿದೆ. ಬಿಸಿಲಿನದು ಬಿರುಸಾಗಿ ಅಂಚಿನ ನೂಲು ಎದ್ದಿತ್ತು. ತೆರೆದ ಕಾರಿನವರು ಇದನ್ನು ಗಮನಿಸಬೇಕು. ನಾನು ಕಾರು ನಿಲ್ಲಿಸಿದಾಗ ಬೆಲ್ಟು ಪೂರ್ತಿ ಸುತ್ತಿಕೊಂಡಿದೆಯೇ ಎಂದು ನೋಡಿಯೇ ಇಳಿಯುತ್ತೇನೆ, ಲೂಪಿನಿಂದ ಕೆಳಗಿನ ಭಾಗಕ್ಕೆ ರೆಕ್ಸಿನ್ ಹೊದಿಕೆ ಹೊಲಿಸಿದ್ದೇನೆ. ಕಂಬದ ತುದಿ ತಲೆಯ ಹತ್ತಿರ ಇರುವುದರಿಂದ ಅದಕ್ಕೆ ಗಟ್ಟಿ ಫೋಮು ಬೇಕು. ಸೋಫಾದ ಮೆತ್ತನೆಯ ಫೋಮು ನಿಷ್ಪ್ರಯೋಜಕ, ಬೆರಳಲ್ಲಿ ಒತ್ತಿದರೆ ಪೈಪು ಸಿಗುತ್ತದೆ. ನನ್ನದು ಎಲ್ಲಿಂದ ಬಂತು ಎಂಬುದೂ ನನ್ನಲ್ಲೇ ಇರಲಿ.

ದುಡ್ಡಿನ ಲೆಕ್ಕ ನೆನಪಿದ್ದಷ್ಟು ಹೀಗಿದೆ. ಪೈಪು ಪ್ಲೇಟು ನಾಲ್ಕು ಸಾವಿರ, ಬಾಗಿಸುವುದು ವೆಲ್ಡಿಂಗ್ ಸೇರಿ ಕೂಲಿ ಆರೂವರೆ, ಹೊಸ ಬೆಲ್ಟಿನ ಜೊತೆ ಐದು, ಬೋಲ್ಟುಗಳಿಗೆ ಸಾವಿರದ ಒಳಗೆ, ಪೌಡರ್ ಕೋಟಿಂಗ್ ಒಂದೂವರೆ, ಟ್ರಿಮ್ ಮತ್ತೆ ಹೊಲಿಸಿದ್ದು ಆರು. ಒಟ್ಟು ಇಪ್ಪತ್ನಾಲ್ಕು ಸಾವಿರದ ಆಚೀಚೆ. ಕೈಕೊಟ್ಟ ಪ್ರಯತ್ನಗಳಿಗೆ ಹೋದದ್ದು ಇನ್ನೊಂದು ಹತ್ತು ಸಾವಿರ, ಆರ್ಚಿನ ಪ್ಲೇಟು ಕಿತ್ತು ತಗಡು ಸರಿಮಾಡಿಸಿದ್ದೂ ಸೇರಿ. ಬೆಂಗಳೂರಿನ ಹೆಸರಾಂತ ವರ್ಕ್‌ಶಾಪ್ ಒಂದು ಬರೀ ನೋಡಿ ಹೇಳುವುದಕ್ಕೇ ಹತ್ತಿರ ಹತ್ತಿರ ಇಷ್ಟು ಕೇಳಿತ್ತು.

"ಕಾರು ಮಗುಚಿದರೆ ಬೆಲ್ಟು ನಿಮ್ಮನ್ನು ಅಡಿಯಲ್ಲೇ ಹಿಡಿದಿಡುತ್ತದೆ" ಎಂದು ಈಗಲೂ ವಾದಿಸುವವರಿದ್ದಾರೆ. ನನ್ನ ಕಂಬ ಮಗುಚಿದಾಗ ತಲೆ ಕಾಯುವ ರೋಲ್ ಬಾರ್ ಅಲ್ಲ, ಹಾಗೆಂದು ನಾನು ಯಾರಿಗೂ ಹೇಳಿಲ್ಲ. ಆದರೆ ನಮ್ಮ ಹೆದ್ದಾರಿಯಲ್ಲಿ ದಿನವೂ ಕಾಣುವುದು ಮುಂದೆ ನಿಂತ ಲಾರಿಗೆ ಹಿಂದಿನಿಂದ ಹೊಡೆದ ಕಾರುಗಳನ್ನು. ನನ್ನ ಕೆಲಸ ಅದಕ್ಕಾಗಿ.

ದೇವರಾಯನದುರ್ಗದ ಘಾಟಿಯಲ್ಲಿ ಇಳಿಜಾರಿಗೂ ತಿರುವಿಗೂ ರೀಲು ಕಿರಿಕಿರಿ ಮಾಡಲಿಲ್ಲ. ಖಾಲಿ ರಸ್ತೆ ನೋಡಿ ಬ್ರೇಕು ತುಳಿದಾಗ ಎರಡೂ ಬದಿ ಒಟ್ಟಿಗೆ ಕಚ್ಚಿದವು. ಹೆಂಡತಿ ಎತ್ತರದಲ್ಲಿ ನನಗಿಂತ ಚಿಕ್ಕವಳು, ಅವಳ ಕತ್ತಿಗೆ ಬೆಲ್ಟು ತಾಗುತ್ತಿತ್ತು. ಅವಳ ಕಡೆಯ ಲೂಪಿಗೆ ಒಂದೂವರೆ ಇಂಚು ಕೆಳಗೆ ಇನ್ನೊಂದು ಬೋಲ್ಟಿನ ಜಾಗ ಮಾಡಿಸಿ ಅದನ್ನೂ ಸರಿಪಡಿಸಿದೆ. ಈಗ ಉಳಿದಿರುವುದು ಹಿಂದಿನ ಸೀಟು. ಅಲ್ಲಿ ಮಗಳು ಕೂರುತ್ತಾಳೆ, ಸದ್ಯಕ್ಕೆ ಸೊಂಟದ ಬೆಲ್ಟು ಮಾತ್ರ ಇದೆ. ಊರೆಗಳು ಚಾಸಿ ಸೇರುವ ಕಡೆಯಿಂದ ಇನ್ನೊಂದು ಜೋಡಿ ಕುಳ್ಳ ಕಂಬ ಎಬ್ಬಿಸಬಹುದೆಂದು ರಟ್ಟು ಕತ್ತರಿಸಲು ಶುರುಮಾಡಿದ್ದೇನೆ. ಮಡಚಿದ ಟಾಪ್ ಅಲ್ಲಿಗೇ ಬಂದು ಕೂರುತ್ತದೆ, ಜಾಗ ಬಹಳ ಕಡಿಮೆ.