ನೆರಳಿನ ಹಿತ್ತಲಿಗೆ ಏಲಕ್ಕಿ: ಗೆಡ್ಡೆಯನ್ನು ಆಳಕ್ಕೆ ಹೂಳಬೇಡಿ

ಹಲಸಿನ ಮರದಡಿ ಏನೂ ಬೆಳೆಯುವುದಿಲ್ಲ ಎಂದು ಗೊಣಗುವವರು ಏಲಕ್ಕಿ ಹಾಕಿ ನೋಡಬೇಕು. ಪಶ್ಚಿಮಘಟ್ಟದ ಮಳೆಕಾಡಿನ ಗಿಡ ಇದು; ಸೋಸಿ ಬರುವ ಬೆಳಕೇ ಇದಕ್ಕೆ ಹಿತ, ಸುಡುಬಿಸಿಲಿಗೆ ಎಲೆ ಕರಕಲಾಗುತ್ತದೆ. ಆದರೂ ಹಲವರು ಇದನ್ನು ನೆಟ್ಟ ದಿನವೇ ಕೊಂದಿರುತ್ತಾರೆ.

ಮೊದಲು ಗಿಡ ಹುಡುಕಿ. ಅಡುಗೆಮನೆಯ ಡಬ್ಬಿಯ ಏಲಕ್ಕಿ ಬಿತ್ತಿ ಕಾಯಬೇಡಿ, ಬಿಸಿಯಲ್ಲಿ ಒಣಗಿಸಿದ ಬೀಜ ಅದು. ನರ್ಸರಿಗಳಲ್ಲಿ ಏಲಕ್ಕಿಯೆಂದು ಮಾರುವ ಎಷ್ಟೋ ಗಿಡಗಳು ಅಲ್ಪೀನಿಯಾ, ಏಲಕ್ಕಿಯಂತೆಯೇ ಕಾಣುವ ಬೇರೆ ಗಿಡ. ಎಲೆ ಉಜ್ಜಿದರೆ ಘಮವೇನೋ ಬರುತ್ತದೆ, ಆದರೆ ಅದರ ಹೂ ಕಾಂಡದ ತುದಿಯಲ್ಲಿ, ಏಲಕ್ಕಿಯದು ಬುಡದಲ್ಲಿ. ನಮ್ಮ ಕಡೆಗೆ ಗೊಂಚಲು ನೆಲದ ಮೇಲೆ ಹರಿಯುವ ಮಲಬಾರ್ ಬಗೆಯೇ ಸರಿ. ಹಿತ್ತಲಿಗಾದರೆ ಮೂಡಿಗೆರೆ-1 ತಳಿ ಸಾಕು. ಪರಿಚಯದವರ ತೋಟದಿಂದ ಕಂದು, ಅಂದರೆ ಬುಡದಿಂದ ಬಿಡಿಸಿದ ಮರಿಗಿಡ, ತರುವಾಗ ಎಳೆಯ ಎಲೆ ನೋಡಿ. ನಡುನರದಿಂದ ಅಂಚಿಗೆ ತಿಳಿಹಸಿರು ಗೀರುಗಳಿದ್ದರೆ ಅದು ಕಟ್ಟೆ ರೋಗ. ಅದಕ್ಕೆ ಮದ್ದಿಲ್ಲ, ಪುಕ್ಕಟೆ ಕೊಟ್ಟರೂ ಬೇಡ.

ಎರಡಡಿ ಅಗಲ, ಒಂದಡಿ ಆಳದ ಗುಂಡಿ ತೋಡಿ, ಕಾಡಿನ ಮೇಲ್ಮಣ್ಣು ಮತ್ತು ಕಳಿತ ಕೊಟ್ಟಿಗೆ ಗೊಬ್ಬರದಿಂದ ತುಂಬಿಸಿ.

ಈಗ ನಾಟಿ. ಮುಂಗಾರು ಹಿಡಿದ ಮೇಲೆ, ಮಳೆ ಸ್ವಲ್ಪ ಬಿಡುವು ಕೊಟ್ಟ ದಿನ ನೆಡಿ. ಕಂದಿನಲ್ಲಿ ಬಲಿತ ಕಾಂಡವೊಂದು, ಜೊತೆಗೆ ಬೆಳೆಯುತ್ತಿರುವ ಎಳೆಯ ಮೊಳಕೆಯೊಂದು ಇರಲೇಬೇಕು. ತುಂಬಿಸಿದ ಗುಂಡಿಯ ನಡುವೆ ಅಂಗೈಯಷ್ಟು ಮಣ್ಣು ಸರಿಸಿ, ಗೆಡ್ಡೆಯನ್ನು ಅಲ್ಲಿ ಕೂರಿಸಿ, ಬೇರು ಮುಚ್ಚುವಷ್ಟೇ ಮಣ್ಣೆಳೆಯಿರಿ. ಗಿಡ ಅಲುಗುತ್ತದೆಂದು ಎಲ್ಲರೂ ಇಲ್ಲೇ ಇನ್ನೊಂದು ಬುಟ್ಟಿ ಮಣ್ಣು ಸುರಿಯುತ್ತಾರೆ. ಕಾಂಡದ ಬುಡ ಮಣ್ಣಿನಡಿ ಹೋದರೆ ಮಳೆಗಾಲ ಮುಗಿಯುವುದರೊಳಗೆ ಗೆಡ್ಡೆ ಕೊಳೆಯುತ್ತದೆ, ಹೊಸ ಮೊಳಕೆಯೂ ಏಳುವುದಿಲ್ಲ. ಅಲುಗುವುದಕ್ಕೆ ಮದ್ದು ಮಣ್ಣಲ್ಲ, ಗೂಟ: ಎರಡು ಕೋಲುಗಳನ್ನು ಅಡ್ಡಹಾಯಿಸಿ ನೆಟ್ಟು, ಬಾಳೆನಾರಿನಲ್ಲಿ ಸಡಿಲವಾಗಿ ಕಟ್ಟಿ. ಪ್ಲಾಸ್ಟಿಕ್ ದಾರ ಕಾಂಡವನ್ನು ಕೊಯ್ಯುತ್ತದೆ. ಸುತ್ತ ತರಗೆಲೆ ಹರಡಿ, ಬುಡಕ್ಕೆ ಮಾತ್ರ ಒತ್ತಬೇಡಿ. ನೀರು ನಿಲ್ಲುವ ಜಾಗವಾದರೆ ಕಾಲುವೆ ತೆಗೆಯಿರಿ, ಇಲ್ಲವೇ ಆಸೆಯನ್ನೇ ಬಿಡಿ.

ಬೇಸಿಗೆಯಲ್ಲಿ ನೀರು ತಪ್ಪಿಸಬೇಡಿ. ಮೂರನೆಯ ವರ್ಷದ ಹೊತ್ತಿಗೆ ಹೂ ಬಂದಾಗ ಗೊಂಚಲ ಮೇಲಿನ ತರಗನ್ನು ಸರಿಸಿ, ಜೇನುನೊಣಕ್ಕೆ ದಾರಿ ಬೇಕು. ಆ ತಿಂಗಳುಗಳಲ್ಲಿ ಕೀಟನಾಶಕ ಸಿಂಪಡಿಸುವವರಿಗೆ ಕಾಯಿ ಸಿಗದಿದ್ದರೆ ನನಗೆ ಕನಿಕರವಿಲ್ಲ. ಬೆಂಗಳೂರಿನ ಬಾಲ್ಕನಿಯವರು ಕಾಯಿಯ ಆಸೆ ಬಿಟ್ಟು ಎಲೆಯಲ್ಲೇ ತೃಪ್ತರಾಗಬೇಕು.

ಕಾಯಿ ಹಸಿರಾಗಿದ್ದು ಒಳಗಿನ ಬೀಜ ಕಪ್ಪಾದಾಗ ಕೊಯ್ಯಿರಿ. ಹಳದಿಯಾಗುವವರೆಗೆ ಬಿಟ್ಟರೆ ಒಣಗಿಸುವಾಗ ಸಿಪ್ಪೆ ಬಿರಿಯುತ್ತದೆ.