ಲೋಹಕ್ಕೆ ಅಂಟಿದ ವಿಕಿರಣದ ಕೊಳೆ: ಲೇಸರ್ ಹಿಡಿದು ತೆಗೆಯುವುದು ಹೇಗೆ?

ಮೊನ್ನೆ ಪೀಣ್ಯದ ಒಂದು ಶೆಡ್ಡಿನಲ್ಲಿ ತುಕ್ಕು ಹಿಡಿದ ಗೇರಿಗೆ ಲೇಸರ್ ಹಿಡಿಯುವುದನ್ನು ನೋಡಿದೆ. ಚಟಚಟ ಸದ್ದು, ಒಂದು ಎಳೆ ಹೊಗೆ. ಗನ್ ಸರಿದಲ್ಲೆಲ್ಲ ಕಬ್ಬಿಣ ಬೆಳ್ಳಗೆ. ನೀರಿಲ್ಲ, ಆಸಿಡ್ ಇಲ್ಲ. ಅಣು ಸ್ಥಾವರದ ಪೈಪು, ವಾಲ್ವುಗಳಿಗೆ ಅಂಟಿದ ವಿಕಿರಣದ ಕೊಳೆಯನ್ನೂ ಹೀಗೇ ತೆಗೆಯಬಹುದು. ಆದರೆ ಅಲ್ಲಿ ಆ ಒಂದು ಎಳೆ ಹೊಗೆಯದೇ ದೊಡ್ಡ ತಲೆನೋವು.

ಮೊದಲು ಕೊಳೆ ಎಲ್ಲಿದೆ ಅಂತ ನೋಡಬೇಕು. ಕಾಗದದ ಬಿಲ್ಲೆಯಿಂದ ಸುಮಾರು 100 ಚದರ ಸೆಂಟಿಮೀಟರ್ ಜಾಗ ಒರೆಸಿ, ಬಿಲ್ಲೆಯನ್ನು ವಿಕಿರಣ ಅಳೆಯುವ ಕೌಂಟರಿಗೆ ಹಿಡಿಯುತ್ತಾರೆ. ಕೊಳೆ ಬಿಲ್ಲೆಗೆ ಬಂತು ಅಂದರೆ ಸಡಿಲವಾಗಿದೆ. ಅದಕ್ಕೆ ಒದ್ದೆ ಬಟ್ಟೆ ಸಾಕು, ಲೇಸರ್ ಸುಮ್ನೆ ದಂಡ. ಬಿಲ್ಲೆ ಕ್ಲೀನ್ ಇದ್ದೂ ಲೋಹದ ಹತ್ತಿರ ಮೀಟರ್ ಕಿರುಚುತ್ತಿದ್ದರೆ, ಕೊಳೆ ಲೋಹದ ಮೇಲಿನ ತುಕ್ಕಿನಂಥ ಆಕ್ಸೈಡ್ ಪದರದೊಳಗೆ ಕಚ್ಚಿಕೊಂಡಿರಬಹುದು. ವಾಲ್ವಿನ ಗಟ್ಟಿ ಮಿಶ್ರಲೋಹ ಸವೆದು ಕೋಬಾಲ್ಟ್ ನೀರಿಗೆ ಬೀಳುತ್ತದೆ. ರಿಯಾಕ್ಟರಿನೊಳಗೆ ನ್ಯೂಟ್ರಾನ್ ನುಂಗಿ, ವಿಕಿರಣ ಸೂಸುವ ಕೋಬಾಲ್ಟ್-60 ಆಗುತ್ತದೆ. ಆಮೇಲೆ ಪೈಪಿನ ಒಳಮೈಗೆ ಕೂರುತ್ತದೆ, ನಮ್ಮ ಬೋರ್‌ವೆಲ್ ನೀರಿನ ಗೀಸರಿನಲ್ಲಿ ಬಿಳಿ ಹೆಕ್ಕಳೆ ಕಟ್ಟುವ ಹಾಗೆ. ಈ ಪದರವೇ ಲೇಸರಿನ ಗುರಿ. ಉಕ್ಕೇ ಒಳಗಿಂದ ವಿಕಿರಣಶೀಲವಾಗಿದ್ದರೆ ಮೇಲೆ ಎಷ್ಟು ಕೆರೆದರೂ ಅಷ್ಟೇ.

ಇನ್ನು ಲೇಸರಿನ ಸೆಟ್ಟಿಂಗು. ಸಾಮಾನ್ಯವಾಗಿ 1064 ನ್ಯಾನೊಮೀಟರಿನ, ಕಣ್ಣಿಗೆ ಕಾಣದ ಬೆಳಕು. ಅದನ್ನು ಒಂದೇ ಸಮ ಬಿಡುವುದಿಲ್ಲ, ನ್ಯಾನೊಸೆಕೆಂಡುಗಳ ಮಿಡಿತಗಳಾಗಿ ಬಿಡುತ್ತಾರೆ. ಮಂಗಳಾರತಿಯ ಮೇಲೆ ಬೆರಳನ್ನು ಸರ್ರನೆ ಆಡಿಸಿದರೆ ಸುಡುವುದಿಲ್ಲ, ಅಲ್ವಾ? ಇದೂ ಹಾಗೇ. ಶಾಖ ಒಳಗಿಳಿಯುವ ಮೊದಲೇ ಮೇಲಿನ ಪದರ ಆವಿಯಾಗಿ, ಪುಡಿಯಾಗಿ ಹಾರುತ್ತದೆ. ಒಂದೊಂದು ಏಟಿಗೆ ಹೋಗುವುದು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಲೆಕ್ಕದಲ್ಲಿ. ಅವಸರಕ್ಕೆ ಬಿದ್ದು ಒಂದೇ ಕಡೆ ಜಾಸ್ತಿ ಹೊತ್ತು ಕಾಯಿಸಿದರೆ ಲೋಹ ಕರಗುತ್ತದೆ. ಕರಗಿದ ಲೋಹ ಕೊಳೆಯನ್ನು ಒಳಗೆಳೆದುಕೊಂಡು ಗಟ್ಟಿಯಾಗುತ್ತದೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದಕ್ಕಿಂತ ಕೆಟ್ಟ ತಪ್ಪಿಲ್ಲ. ಕೊಳೆಗೆ ನಾವೇ ಮುಚ್ಚಳ ಹಾಕಿ ಕೊಟ್ಟಂತೆ.

ಬೆಳಕು ಓಡಿಸುವುದು ನೆಲ ಸಾರಿಸಿದ ಹಾಗೆ, ಒಂದು ಪಟ್ಟಿಯ ಅಂಚಿನ ಮೇಲೆ ಇನ್ನೊಂದು ಪಟ್ಟಿ ಬರಬೇಕು. ಸಂದಿ, ಬಿರುಕುಗಳಿಗೆ ಬೆಳಕು ನೇರ ಬೀಳದಿದ್ದರೆ ಅಲ್ಲಿ ಕೊಳೆ ಹಾಗೇ ಉಳಿಯುತ್ತದೆ.

ಈಗ ಆ ಹೊಗೆ. ಲೇಸರ್ ವಿಕಿರಣವನ್ನು ಕೊಲ್ಲುವುದಿಲ್ಲ, ಜಾಗ ಬದಲಿಸುತ್ತದೆ, ಅಷ್ಟೇ. ಕೋಬಾಲ್ಟ್ ಲೋಹದಿಂದ ಎದ್ದು ಗಾಳಿಗೆ ಬಂದಿರುತ್ತದೆ. ಬಿಟ್ಟರೆ ಪಕ್ಕದಲ್ಲೇ ಮತ್ತೆ ಕೂರುತ್ತದೆ, ಇಲ್ಲವೇ ಕೆಲಸಗಾರನ ಶ್ವಾಸಕೋಶ ಸೇರುತ್ತದೆ. ಹಾಗಾಗಿ ಬೆಳಕು ಬೀಳುವಲ್ಲೇ ಹೀರುವ ಕೊಳವೆ ಇರಬೇಕು. ಸುತ್ತ ಮುಚ್ಚಿದ ಕೋಣೆ, ಒಳಗೆ ಆದಷ್ಟೂ ರೋಬೋ ಕೈ. ಹೀರಿದ ಗಾಳಿ ಹೆಪಾ ಫಿಲ್ಟರ್ ದಾಟಿಯೇ ಹೊರಬರಬೇಕು. 0.3 ಮೈಕ್ರಾನಿನ ಕಣಗಳಲ್ಲೂ 99.97% ಅದರಲ್ಲಿ ಸಿಕ್ಕಿಬೀಳುತ್ತವೆ. ಆಸಿಡ್ಡಿನಲ್ಲಿ ತೊಳೆದರೆ ವಿಕಿರಣಶೀಲ ನೀರನ್ನು ಡ್ರಮ್ಮುಗಟ್ಟಲೆ ಕಾಯಬೇಕು. ಇಲ್ಲಿ ಉಳಿಯುವುದು ಒಂದಿಷ್ಟು ಪುಡಿ ಮತ್ತು ಫಿಲ್ಟರು.

ಕೊನೆಗೆ ಮತ್ತೆ ಮೀಟರ್ ಹಿಡಿಯುತ್ತಾರೆ. ಇಳಿದಿಲ್ಲವೆಂದರೆ ಇನ್ನೊಂದು ಸುತ್ತು. ಫಿಲ್ಟರನ್ನು ಸೀಲ್ ಮಾಡಿ ವಿಕಿರಣದ ಕಸವೆಂದೇ ಇಡಬೇಕು. ಕೋಬಾಲ್ಟ್-60 ಅರ್ಧಕ್ಕಿಳಿಯಲು 5.27 ವರ್ಷ ಬೇಕು. ಇದೆಲ್ಲ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಕಟ್ಟುಪಾಡಿನೊಳಗೆ ನಡೆಯುವ ಕೆಲಸ, ಬಾಡಿಗೆ ಮೆಷಿನ್ ತಂದು ಮಾಡುವುದಲ್ಲ.

ಪೀಣ್ಯದ ಹುಡುಗನನ್ನು ಕೇಳಿದೆ: ‘ಈ ಹೊಗೆ ಎಲ್ಲಿಗೆ ಹೋಗುತ್ತೆ?’ ಅವನು ಕಪ್ಪು ಕನ್ನಡಕ ಮೇಲೆತ್ತಿ, ಅರ್ಧ ತೆರೆದ ಶಟರಿನ ಕಡೆ ಕೈ ತೋರಿಸಿದ.